ಇಸ್ತ್ರಿ ಅಕ್ಕ ಕಾದ ಏಳು ದಿನ

ಬೀದಿಗೆಲ್ಲ ಇಸ್ತ್ರಿ ಅಕ್ಕನಾಗಿದ್ದ ಆ ಹೆಂಗಸಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಒಂದು ವಾರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳ ಪ್ರಾರ್ಥನಾ ಸಭೆ ಸೇರುವುದು ಪೀಠೋಪಕರಣದ ಅಂಗಡಿಯ ಮಹಡಿಯಲ್ಲಿ. ಆ ಭಾನುವಾರ ಅಲ್ಲಿಗೆ ಬಂದ ಪ್ರವಾದಿಯೊಬ್ಬ ನೂರು ಜನರ ನಡುವೆ ಅವಳನ್ನೇ ಎಬ್ಬಿಸಿ ನಿಲ್ಲಿಸಿ, ಏಳು ದಿನದೊಳಗೆ ನಿನ್ನ ತಮ್ಮ ನಿನ್ನ ಬಾಗಿಲು ತಟ್ಟುತ್ತಾನೆ ಎಂದುಬಿಟ್ಟ. ತಮ್ಮ ಅವಳೊಡನೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅವಳಿಗೊಬ್ಬ ತಮ್ಮನಿದ್ದಾನೆಂದು ಪ್ರವಾದಿಗೆ ಹೇಳಿದವರು ಯಾರು ಎಂದು ನೀವು ಕೇಳಬಹುದು. ಸುದ್ದಿ ತಿಳಿದಾಗ ತಮ್ಮನೂ ಮೊದಲು ಕೇಳಿದ್ದು ಅದನ್ನೇ.

ತಮಾಷೆಯೆಂದರೆ, ಅವರಿಬ್ಬರು ಮಾತು ಬಿಟ್ಟದ್ದೇ ಪ್ರವಾದಿಗಳ ವಿಷಯಕ್ಕೆ. ತಮ್ಮ ಗಡಿಯಾರ ರಿಪೇರಿಯವನು, ಹಳೆಯ ಕಲ್ಲಿನ ಚರ್ಚಿನ ಮೊದಲ ಸಾಲಿನ ಸದಸ್ಯ. ಸತ್ತು ಎದ್ದು ಬಂದ ಕರ್ತನನ್ನು ಕಣ್ಣಾರೆ ಕಂಡವರಷ್ಟೇ ಅಪೊಸ್ತಲರು, ಸಭೆಗೆ ಅಸ್ತಿವಾರ ಅವರು ಮತ್ತು ಅಂದಿನ ಪ್ರವಾದಿಗಳು, ಅಸ್ತಿವಾರ ಹಾಕುವುದು ಒಂದೇ ಸಲ, ಮಹಡಿಗೊಂದು ಅಸ್ತಿವಾರ ಹಾಕುವ ಮೇಸ್ತ್ರಿಯನ್ನು ನಾನು ಕಂಡಿಲ್ಲ ಎಂಬುದು ಅವನ ವಾದ. ದೇವರೇನು ಎರಡು ಸಾವಿರ ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾನಾ ಎಂಬುದು ಅಕ್ಕನದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ. ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆಯೇ ಮಾತಿಗೆ ಮಾತು ಬೆಳೆದು, ಅವನು ಕೈ ತೊಳೆಯದೆ ಎದ್ದುಹೋಗಿದ್ದ.

ಆದರೂ ಅವನ ಭಾನುವಾರದ ಕೋಟು ಮಾತ್ರ ಪ್ರತಿ ಶನಿವಾರ ನಾದಿನಿಯ, ಎಂದರೆ ಅವನ ಹೆಂಡತಿಯ ಕೈಯಲ್ಲಿ ಅಕ್ಕನ ಅಂಗಡಿಗೆ ಬರುತ್ತಿತ್ತು. ಅಂಗಡಿಯಲ್ಲಿ ಇಬ್ಬರು ಕೆಲಸದವರಿದ್ದರೂ ಆ ಕೋಟನ್ನು ಅವಳು ಇನ್ನೊಬ್ಬರಿಗೆ ಮುಟ್ಟಗೊಡುತ್ತಿರಲಿಲ್ಲ. ಕಾಲರಿಗೆ ಒದ್ದೆ ಬಟ್ಟೆ ಹಾಸಿ, ತೋಳಿನೊಳಗೆ ಸುತ್ತಿದ ಟವೆಲು ತೂರಿಸಿ, ಬೈಯುತ್ತಾ ಇಸ್ತ್ರಿ ಮಾಡುವಳು. ಹನ್ನೊಂದು ವರ್ಷ ಅವಳು ತಮ್ಮನನ್ನು ನೋಡಿಕೊಂಡದ್ದು ಹಾಗೆ.

ಈಗ ಪ್ರವಾದಿಯ ಮಾತು ಬಂದದ್ದೇ ತಡ, ಬೀದಿಗೆಲ್ಲ ಡಂಗುರ ಸಾರಿದಳು. ಬೇಕರಿಯವನಿಗೆ ಹೇಳಿದಳು, ಚಪ್ಪಲಿ ಹೊಲಿಯುವವನಿಗೆ ಹೇಳಿದಳು, ಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಟ್ಟಳು. ಬುಧವಾರ ನಾದಿನಿ ಗುಟ್ಟಾಗಿ ಬಂದು ಗಂಡನ ಪಾಡು ಹೇಳಿದಳು. ಅವನು ಅಂಗಡಿಯಲ್ಲಿ ಒಂದೇ ಗಡಿಯಾರವನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ್ದಾನಂತೆ. ಬಂದರೆ ಪ್ರವಾದಿ ಗೆದ್ದ, ಬಾರದಿದ್ದರೆ ಅಕ್ಕನಿಗೆ ಹತ್ತು ಜನರೆದುರು ಅವಮಾನ ಎಂದು ಮನೆ ತುಂಬ ಓಡಾಡುತ್ತಿದ್ದಾನಂತೆ. ಅಕ್ಕನಿಗೆ ನಗು ಬಂತು. ನಾದಿನಿ ಹೋದ ಮೇಲೆ ಅಳುವೂ ಬಂತು. ಅವನು ಬಂದರೆ ಸಾಕಿತ್ತು ಅವಳಿಗೆ. ಪ್ರವಾದಿ ಬರುವ ಮುಂಚಿನಿಂದಲೂ ಅವಳು ಕಾದದ್ದು ಅಷ್ಟಕ್ಕೇ.

ಏಳನೆಯ ದಿನ, ಶನಿವಾರ, ಬಂತು. ಕೋಟು ಬರಲಿಲ್ಲ. ಅಂಗಡಿಯ ಮುಂದೆ ಸಭೆಯ ಹೆಂಗಸರು, ಬೇಕರಿಯವನು, ಕೆಲಸವಿಲ್ಲದ ಹತ್ತಾರು ಮಂದಿ ಮದುವೆಗೆ ಬಂದವರಂತೆ ಸೇರಿದ್ದರು. ಮೂರು ಗಂಟೆಯಾಯಿತು, ನಾಲ್ಕಾಯಿತು. ಅಕ್ಕ ಬಾಗಿಲು ಮುಚ್ಚಿಕೊಂಡು ಒಳಗೆ ಕುರ್ಚಿ ಹಾಕಿ ಕೂತಿದ್ದಳು. ಆಗ ಹಿಂದಿನ ಇಸ್ತ್ರಿ ಕೋಣೆಯಲ್ಲಿ ದಡಬಡ ಸದ್ದಾಯಿತು.

ಓಡಿ ಹೋಗಿ ನೋಡಿದರೆ, ಹಬೆ ಹೋಗಲೆಂದು ಬಿಟ್ಟಿದ್ದ ಕಿಟಕಿಯಲ್ಲಿ ತಮ್ಮ. ಅರ್ಧ ಒಳಗೆ, ಅರ್ಧ ಹೊರಗೆ. ಮೈಮೇಲೆ ಭಾನುವಾರದ ಕೋಟು. ಅವನ ಹೊಟ್ಟೆ ಹನ್ನೊಂದು ವರ್ಷದಲ್ಲಿ ಅಕ್ಕನಿಗೆ ತಿಳಿಸದೆ ಬೆಳೆದಿತ್ತು.

“ಏನೋ ಇದು?” ಎಂದಳು.

“ನಾನು ಬಾಗ್ಲು ತಟ್ತೀನಿ ಅಂತ ತಾನೆ ಆ ಪ್ರವಾದಿ ಹೇಳಿದ್ದು? ಕಿಟಕಿ ವಿಷ್ಯ ಏನೂ ಹೇಳಿಲ್ವಲ್ಲ” ಎಂದ, ಏದುಸಿರು ಬಿಡುತ್ತಾ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ವಾರ ತಲೆ ಕೆಡಿಸಿಕೊಂಡು ಅವನು ಕಂಡುಕೊಂಡ ದಾರಿ ಅದು. ಅಕ್ಕ ಅವನ ಎರಡೂ ತೋಳು ಹಿಡಿದು ಎಳೆದಳು. ಒಂದು ಗುಂಡಿ ಕಿತ್ತು ಹಾರಿತು. ಅವನು ತೊಪ್ಪನೆ ಹೋಟೆಲಿನವರ ಬೆಡ್‌ಶೀಟ್ ರಾಶಿಯ ಮೇಲೆ ಬಿದ್ದ, ಅವಳು ಅವನ ಮೇಲೆ ಬಿದ್ದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹನ್ನೊಂದು ವರ್ಷದ್ದೆಲ್ಲ ಒಟ್ಟಿಗೆ ಬಂದ ನಗು ಅದು.

ನಗುವಿನ ಸದ್ದು ಕೇಳಿ ಹೊರಗಿನವರು, ಬಂದನಾ, ಬಂದನಾ ಎಂದು ಕೂಗಿದರು. ಹೌದೆಂದರೆ ಸಾಕಿತ್ತು, ಯಾರೂ ಹೆಚ್ಚಿಗೆ ಕೇಳುತ್ತಿರಲಿಲ್ಲ. ಅಕ್ಕ ತಮ್ಮನ ಮುಖ ನೋಡಿದಳು. ಅವನು ಕಳಚಿದ ಗುಂಡಿಯನ್ನು ಹುಡುಕುವವನಂತೆ ನೆಲ ನೋಡುತ್ತಿದ್ದ. ಅವಳು ಹೊರಗೆ ಹೋಗಿ, ತನ್ನ ಹಿಂದೆ ಬಾಗಿಲು ಎಳೆದು ಮುಚ್ಚಿ ಮೆಟ್ಟಿಲ ಮೇಲೆ ನಿಂತಳು.

“ನನ್ ತಮ್ಮ ಬಂದ” ಎಂದಳು. “ಆದ್ರೆ ಬಾಗ್ಲು ತಟ್ಲಿಲ್ಲ, ಕಿಟಕೀಲಿ ಬಂದ. ಪ್ರವಾದಿ ಮಾತು ನಡೀಲಿಲ್ಲ.”

ಸಭೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಳೆ ಮಹಡಿ ಹತ್ತಿದಾಗ ತನಗೆ ಯಾರು ಪಕ್ಕದಲ್ಲಿ ಜಾಗ ಕೊಡುತ್ತಾರೋ ಎಂದು ಅವಳು ಯೋಚಿಸುತ್ತಿರುವಾಗಲೇ ಬೆನ್ನ ಹಿಂದೆ ಟಕ್ ಟಕ್ ಎಂದಿತು. ಬಾಗಿಲು. ಒಳಗಿನಿಂದ.

“ಯಾರು?” ಎಂದಳು, ಅಳು ನಗು ಎರಡೂ ಸೇರಿ.

“ನಿನ್ ತಮ್ಮ. ಬಾಗ್ಲು ತೆಗಿ ಅಕ್ಕ.”

ಒಳಗಿನಿಂದ ತಟ್ಟಿದ್ದನ್ನು ತಟ್ಟಿದ್ದೆನ್ನಬಹುದೋ ಇಲ್ಲವೋ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ಅವಳು ಅರ್ಧ ನಡೆಯಿತು ಎನ್ನುತ್ತಾಳೆ, ಅವನು ಕಾಲು ಭಾಗಕ್ಕಿಂತ ಮೇಲೆ ಏರಲೊಲ್ಲ. ಕೋಟನ್ನು ಈಗ ಪ್ರತಿ ಶನಿವಾರ ಅವನೇ ತರುತ್ತಾನೆ, ಬಾಗಿಲಿನಿಂದಲೇ. ಕಾಲು ಗಂಟೆಯಲ್ಲಿ ಮುಗಿಯುವ ಇಸ್ತ್ರಿಗೆ ಅಕ್ಕ ಎರಡು ಗಂಟೆ ತೆಗೆದುಕೊಳ್ಳುತ್ತಾಳೆ.