ಮುಚ್ಚಳದ ಒಳಗಿನ ಗೀರು

ಗಡಿಯಾರ ರಿಪೇರಿಯವರಿಗೆ ಬೀದಿಯವರು ಇಟ್ಟ ಹೆಸರು ಅನುಮಾನಪ್ಪ. ಈ ಹೆಸರು ಇಟ್ಟವರು ಯಾರು ಎಂಬುದರಲ್ಲೂ ಅವರಿಗೆ ಅನುಮಾನವೇ. ಎದುರಿನ ಕ್ಷೌರದಂಗಡಿಯವನ ಕಿತಾಪತಿ ಇರಬೇಕೆಂದು ಹನ್ನೊಂದು ವರ್ಷದಿಂದ ಅಲ್ಲಿ ತಲೆ ಕೊಡದೆ, ಎರಡು ಬೀದಿ ದಾಟಿ ಹೋಗಿ ಕೂದಲು ಕತ್ತರಿಸಿಕೊಂಡು ಬರುತ್ತಿದ್ದರು. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವುದು, ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸುವುದು, ಆ ಡಾಕ್ಟರನ್ನೂ ನಂಬದೆ ಮಾತ್ರೆಯನ್ನು ಡಬ್ಬಿಯಲ್ಲೇ ಇಟ್ಟು ಜ್ವರ ತಾನಾಗಿ ಇಳಿಯುವವರೆಗೆ ಕಾಯುವುದು, ಇವೆಲ್ಲ ಅವರ ದಿನಚರಿ. ಮಗಳಿಗೆ ಗಂಡು ನೋಡುವಾಗ ಆ ಹುಡುಗನ ಕೈಗಡಿಯಾರವನ್ನು "ಸ್ವಲ್ಪ ನಿಧಾನ ಓಡ್ತಿದೆ, ಕೊಡಪ್ಪ" ಎಂದು ಬಿಚ್ಚಿಸಿಕೊಂಡು, ಒಳಗೆ ಎಷ್ಟು ಧೂಳಿದೆ ಎಂದು ನೋಡಿ ಅವನ ಗುಣ ತೀರ್ಮಾನಿಸಿದ ಪುಣ್ಯಾತ್ಮ ಅವರು. "ಪುಣ್ಯಕ್ಕೆ ನನ್ನ ಕೈಲಿ ಗಡಿಯಾರ ಇರಲಿಲ್ಲ, ಅದಕ್ಕೇ ಬಚಾವಾದೆ" ಎಂದು ಅವರ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಇಂಥ ಮನುಷ್ಯ ಒಂದೇ ಒಂದನ್ನು ಕಣ್ಣು ಮುಚ್ಚಿ ನಂಬಿದ್ದರು. ಅದು ಜಾಲ.

ಜಾಲಕ್ಕೆ ಬೇರೆ ಹೆಸರಿರಲಿಲ್ಲ. ಪತ್ರಿಕೆಯವರು ಹಾಗೆ ಬರೆದರು, ಜನ ಹಾಗೇ ಕರೆದರು. ಅದು ಬಾಂಬಿಡುವವರ ಗುಂಪಂತೆ, ಪ್ರತಿ ಬೀದಿಯಲ್ಲೂ ಅದರವನೊಬ್ಬ ಇರುತ್ತಾನಂತೆ, ಅವನ ಹೆಂಡತಿಗೂ ಗೊತ್ತಿರುವುದಿಲ್ಲವಂತೆ. ಬಾಂಬು ಸಿಡಿದದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ, ಏಕೆಂದರೆ ಸಿಡಿಯುವ ಮುಂಚೆಯೇ ಪೊಲೀಸರು ಹಿಡಿದುಬಿಡುತ್ತಿದ್ದರು. ಚಹಾದಂಗಡಿಯಲ್ಲಿ ಯಾರಾದರೂ ದನಿ ತಗ್ಗಿಸಿ, "ಜಾಲ ಗೀಲ ಎಲ್ಲ ಬುರುಡೆ ಕಣ್ರಿ" ಎಂದರೆ ಅನುಮಾನಪ್ಪನವರ ಪಿತ್ತ ನೆತ್ತಿಗೇರುತ್ತಿತ್ತು. "ಬುರುಡೆ ಅಂತೆ ಬುರುಡೆ. ನಾನು ಕೈಯಾರೆ ಬಿಚ್ಚಿ ನೋಡಿದೀನಿ" ಎನ್ನುತ್ತಿದ್ದರು.

ನೋಡಿದ್ದು ನಿಜ. ಎಂಟು ವರ್ಷದ ಹಿಂದೆ ಪೊಲೀಸ್ ಅಧಿಕಾರಿಯೊಬ್ಬರು ಅರಗಿನ ಮುದ್ರೆ ಒತ್ತಿದ ಬಟ್ಟೆಚೀಲದಲ್ಲಿ ಒಂದು ಅಲಾರಂ ಗಡಿಯಾರ ತಂದಿದ್ದರು. ಊರಾಚೆಯ ಒಬ್ಬ ಲಿಫ್ಟ್ ರಿಪೇರಿಯವನ ಕೋಣೆಯಲ್ಲಿ ಸಿಕ್ಕಿದ್ದೆಂದರು. ಅಲಾರಮ್ಮಿನ ಗಂಟೆಗೆ ಎರಡು ತಂತಿ ಬೆಸೆದಿತ್ತು. ಬಾಂಬಿಗೆ ವೇಳೆ ಗೊತ್ತುಮಾಡಲು ಇದನ್ನು ಬಳಸಬಹುದು ಎಂದು ಅನುಮಾನಪ್ಪನವರು ನಾಲ್ಕು ಸಾಲು ಬರೆದು ಸಹಿ ಹಾಕಿಕೊಟ್ಟರು. ಕೋರ್ಟಿನಲ್ಲೂ ಅದನ್ನೇ ಹೇಳಿದರು. ಜೀವನದಲ್ಲಿ ಮೊದಲ ಸಲ ಅವರನ್ನು ಯಾರೋ "ತಜ್ಞರು" ಎಂದು ಕರೆದಿದ್ದರು, ಆ ಮಾತಿಗೆ ಎದೆ ಎರಡಂಗುಲ ಉಬ್ಬಿತ್ತು. ಲಿಫ್ಟಿನವನಿಗೆ ಜೀವಾವಧಿಯಾಯಿತು. ಆಮೇಲೆ ಚಹಾದಂಗಡಿಯಲ್ಲಿ ಈ ಕಥೆ ಹೇಳುವಾಗ ಅವರು ಕೊನೆಗೆ ತಪ್ಪದೆ ಸೇರಿಸುತ್ತಿದ್ದ ಒಂದು ತಮಾಷೆಯಿತ್ತು: "ಆಸಾಮಿ ಜಡ್ಜಿಗೆ ಏನು ಹೇಳಿದ ಗೊತ್ತೇನ್ರಿ? 'ಸ್ವಾಮಿ, ನನ್ನ ಹತ್ರ ಗಡಿಯಾರವೇ ಇಲ್ಲ, ಕಾರ್ಖಾನೆ ಸೈರನ್ ಕೇಳಿ ಏಳ್ತೀನಿ' ಅಂತ." ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಅನುಮಾನಪ್ಪನವರ ಅಂಗಡಿಗೆ ಅಂಟಿಕೊಂಡೇ ರೇಡಿಯೋ ರಿಪೇರಿಯವನ ಅಂಗಡಿ. ನಡುವೆ ಒಂದಿಟ್ಟಿಗೆಯ ಗೋಡೆ. ಇಬ್ಬರದೂ ಹಾವು ಮುಂಗುಸಿ ಸಂಬಂಧ, ಜಗಳಕ್ಕೆ ಕಾರಣವೂ ಆ ಗೋಡೆಯೇ. ಗಡಿಯಾರದ ಒಳಗಿನ ಸದ್ದಿಗೆ ಕಿವಿ ಕೊಟ್ಟು ಕೂತರೆ ಆ ಕಡೆಯಿಂದ ಕರಕರ, ಗೊರಗೊರ. ಇವರು ಗೋಡೆ ಬಡಿದರೆ ಅವನು ಇನ್ನಷ್ಟು ಜೋರು ಮಾಡುತ್ತಿದ್ದ. ಹೀಗೆ ಹದಿನಾಲ್ಕು ವರ್ಷ ಮಾತಿಲ್ಲ ಕತೆಯಿಲ್ಲ.

ಒಂದು ಬೆಳಿಗ್ಗೆ ಪೊಲೀಸರು ಆ ರೇಡಿಯೋದವನನ್ನು ಎತ್ತಿಕೊಂಡು ಹೋದರು. ಜಾಲದವನಂತೆ. ಬೀದಿ ಇಡೀ ದಿನ ಬಾಗಿಲಿಗೆ ಬಂದು ನಿಂತಿತು. ಅನುಮಾನಪ್ಪನವರಿಗೆ ಒಂದು ಕ್ಷಣವೂ ಆಶ್ಚರ್ಯವಾಗಲಿಲ್ಲ. ಕೂತಲ್ಲೇ ಎಲ್ಲವೂ ಹೊಂದಿಕೊಂಡಿತು: ಅಷ್ಟೊಂದು ತಂತಿ ಯಾಕೆ, ಬಾಗಿಲು ಅರ್ಧ ಎಳೆದುಕೊಂಡು ಕೆಲಸ ಮಾಡುವುದು ಯಾಕೆ, ಆ ಗೊರಗೊರ ನಿಜಕ್ಕೂ ರೇಡಿಯೋದ್ದೇ ಆಗಿತ್ತೇ.

ಮಾರನೇ ದಿನ ರೇಡಿಯೋದವನ ಹೆಂಡತಿ ಅಂಗಡಿ ಮೆಟ್ಟಿಲ ಹತ್ತಿರ ಬಂದು ನಿಂತಳು. ಕಣ್ಣು ಊದಿತ್ತು.

"ಅಣ್ಣಾ, ಗೋಡೆ ಆಚೆ ಇದ್ದೋರು ನೀವು. ಅವರು ಏನು ಮಾಡ್ತಿದ್ರು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಒಂದು ಮಾತು ಹೇಳಿ ಅಣ್ಣಾ."

"ಪೊಲೀಸರು ಸುಮ್ಮಸುಮ್ಮನೆ ಹಿಡಿಯಲ್ಲಮ್ಮ" ಎಂದರು ಅನುಮಾನಪ್ಪನವರು, ಕೈಯಲ್ಲಿದ್ದ ಚಿಮಟದಿಂದ ಕಣ್ಣೆತ್ತದೆ. ಅವಳು ಮತ್ತೇನೂ ಕೇಳದೆ ಹೋದಳು. ಗೋಡೆಯಾಚೆ ಸದ್ದಿರಲಿಲ್ಲ. ಅಂದು ಗಡಿಯಾರಗಳ ಸದ್ದು ಬಹಳ ಸ್ಪಷ್ಟವಾಗಿ ಕೇಳಿಸಿತು.

ನಾಲ್ಕನೇ ದಿನ, ಎಂಟು ವರ್ಷದ ಹಿಂದೆ ಬಂದಿದ್ದ ಅದೇ ಅಧಿಕಾರಿ ಬಂದರು. ಈಗ ಹೊಟ್ಟೆ ಮುಂದೆ ಬಂದಿತ್ತು, ಹೆಗಲ ಮೇಲೆ ನಕ್ಷತ್ರ ಹೆಚ್ಚಾಗಿತ್ತು. ಚೀಲ ಮಾತ್ರ ಹಿಂದಿನದರ ಹಾಗೇ, ಅದೇ ಅರಗಿನ ಮುದ್ರೆ.

"ಪಕ್ಕದ ಅಂಗಡಿ ಮೇಜಿನ ಕೆಳಗೆ ಸಿಕ್ತು ಯಜಮಾನ್ರೇ. ಒಂದು ಸಲ ನೋಡಿ, ಅದೇ ನಾಲ್ಕು ಸಾಲು ಬರೆದುಕೊಡಿ. ನಿಮಗೆ ತೊಂದರೆ ಬೇಡ ಅಂತ ಹಳೇ ಸರ್ಟಿಫಿಕೇಟಿನ ನಕಲನ್ನೂ ತಂದಿದೀನಿ. ತಾರೀಖು ಬದಲಾಯಿಸಿದ್ರೆ ಆಯ್ತು."

ಅನುಮಾನಪ್ಪನವರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು.

ಗಡಿಯಾರ ರಿಪೇರಿಯವರಲ್ಲಿ ಒಂದು ಪದ್ಧತಿಯಿದೆ, ಹೊರಗಿನವರಿಗೆ ಗೊತ್ತಿರುವುದಿಲ್ಲ. ಯಾವ ಗಡಿಯಾರ ಬಿಚ್ಚಿದರೂ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತಿಂಗಳು, ವರ್ಷದ ಅಂಕಿ ಗೀರಿ, ಪಕ್ಕದಲ್ಲಿ ತಮ್ಮದೊಂದು ಗುರುತು ಹಾಕುತ್ತಾರೆ. ಅದೇ ಗಡಿಯಾರ ಮತ್ತೆ ಬಂದರೆ, ಹಿಂದೆ ಬಿಚ್ಚಿದ್ದು ಯಾರು, ಯಾವಾಗ ಎಂದು ತಿಳಿಯಲಿ ಅಂತ. ಅನುಮಾನಪ್ಪನವರ ಗುರುತು ಒಂದು ಸಣ್ಣ ಕೊಕ್ಕೆ, ಅದರ ಹೊಟ್ಟೆಯಲ್ಲಿ ಒಂದು ಚುಕ್ಕೆ. ಯಾರಾದರೂ ಗುರುತನ್ನು ನಕಲು ಮಾಡಿಯಾರೆಂದು ಆ ಚುಕ್ಕೆಯನ್ನು ನಡುವಿನಿಂದ ಕೂದಲೆಳೆಯಷ್ಟು ಎಡಕ್ಕೆ ಹಾಕುತ್ತಿದ್ದರು.

ಮುಚ್ಚಳದ ಒಳಗೆ ಆ ಕೊಕ್ಕೆ ಇತ್ತು. ಚುಕ್ಕೆ ಎಡಕ್ಕೆ ಇತ್ತು. ಪಕ್ಕದಲ್ಲಿ ಎಂಟು ವರ್ಷದ ಹಿಂದಿನ ತಿಂಗಳು, ವರ್ಷ.

ಅವರು ಕನ್ನಡಿ ತೆಗೆದು ಒರೆಸಿ ಮತ್ತೆ ಸಿಕ್ಕಿಸಿಕೊಂಡರು. ಗೀರು ಎಲ್ಲಿಗೂ ಹೋಗಿರಲಿಲ್ಲ. ಲಿಫ್ಟಿನವನ ಕೋಣೆಯಲ್ಲಿ ಸಿಕ್ಕು, ಕೋರ್ಟಿನ ಉಗ್ರಾಣದಲ್ಲಿ ಇರಬೇಕಾಗಿದ್ದ ಗಡಿಯಾರ ರೇಡಿಯೋದವನ ಮೇಜಿನ ಕೆಳಗೆ ಹೇಗೆ ಬಂತು? ತಾವು ಎಷ್ಟೋ ಸಲ ಕಳ್ಳಗಣ್ಣಿನಿಂದ ನೋಡಿದ್ದ ಆ ಮೇಜಿನ ಕೆಳಗೆ ಹಳೇ ಬ್ಯಾಟರಿ ಬಿಟ್ಟು ಬೇರೇನೂ ಇರಲಿಲ್ಲ ಎಂಬುದೂ ಈಗ ನೆನಪಾಯಿತು.

"ಏನಾದ್ರೂ ತೊಂದರೆನಾ ಯಜಮಾನ್ರೇ?"

"ಇಲ್ಲ ಸಾರ್. ಕಣ್ಣಲ್ಲಿ ಧೂಳು."

ಕೈ ತನ್ನ ಪಾಡಿಗೆ ಸೂಜಿ ಎತ್ತಿಕೊಂಡು ಹಳೆಯ ಗೀರಿನ ಕೆಳಗೆ ಈ ತಿಂಗಳ ಗೀರು ಹಾಕಿತು. ಮುಚ್ಚಳ ಮುಚ್ಚಿ, ನಾಲ್ಕು ಸಾಲು ಬರೆದು, ಸಹಿ ಮಾಡಿದರು. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಆ ಸಂಜೆ ಊಟಕ್ಕೆ ಕೂತವರು ತಟ್ಟೆ ಮುಟ್ಟಲಿಲ್ಲ. ಹೆಂಡತಿ ಬಿಡದೆ ಕೇಳಿದ ಮೇಲೆ ಎಲ್ಲ ಹೇಳಿದರು.

"ಹೇಳಿಬಿಡ್ರಿ ಕೋರ್ಟಲ್ಲಿ" ಎಂದರು ಆಕೆ.

"ಹೇಳಿದ್ರೆ ನನ್ನನ್ನೂ ಜಾಲದವನು ಅಂತಾರೆ."

"ಮತ್ತೆ ಸುಮ್ಮನಿದ್ದುಬಿಡಿ."

"ಸುಮ್ಮನಿದ್ರೆ ಅವನು ಒಳಗೇ ಸಾಯ್ತಾನೆ ಕಣೇ."

"ಹದಿನಾಲ್ಕು ವರ್ಷದಿಂದ ಅವನು ಹಾಳಾಗಿ ಹೋಗಲಿ ಅಂತಿದ್ರಿ."

"ಅದು ಗೋಡೆ ವಿಷಯ" ಎಂದರು ಅನುಮಾನಪ್ಪನವರು. ಆಕೆ ತಟ್ಟೆ ತೆಗೆಯಲು ಬಂದಾಗ, "ಇದು ಅವನೊಬ್ಬನ ಮಾತಲ್ಲ. ಆ ಲಿಫ್ಟಿನವನು..." ಎಂದು ಅರ್ಧಕ್ಕೇ ನಿಲ್ಲಿಸಿದರು. ಬೇರೆಯವರನ್ನು ಅನುಮಾನಿಸಿದಾಗೆಲ್ಲ ಅವರಿಗೆ ಒಂದು ಬಗೆಯ ಸುಖವಿರುತ್ತಿತ್ತು. ಈಗ ಆ ಸುಖವಿರಲಿಲ್ಲ.

ಕೋರ್ಟಿನ ದಿನ ಸರ್ಕಾರಿ ವಕೀಲರು ನಾಲ್ಕು ಸಾಲನ್ನು ಓದಿಸಿದರು. ರೇಡಿಯೋದವನ ವಕೀಲರು ಕೈಗಡಿಯಾರ ನೋಡಿಕೊಂಡು ಪ್ರಶ್ನೆಯಿಲ್ಲ ಎಂದರು. ಇಳಿಯಬಹುದು ಎಂದರು ನ್ಯಾಯಾಧೀಶರು. ಅನುಮಾನಪ್ಪನವರು ಕಟಕಟೆಯ ಮರ ಹಿಡಿದುಕೊಂಡು ಅಲ್ಲೇ ನಿಂತರು.

"ಸ್ವಾಮಿ, ಅದರ ಮುಚ್ಚಳ ಒಂದು ಸಲ ತೆಗೆಸಿ."

ತೆಗೆಸಿದರು. ಗೀರುಗಳನ್ನು ನ್ಯಾಯಾಧೀಶರು ಭೂತಗನ್ನಡಿಯಲ್ಲಿ ಎರಡು ಸಲ ನೋಡಿದರು. ಪದ್ಧತಿಯನ್ನು ಕೇಳಿ ತಿಳಿದುಕೊಂಡರು. ಹಳೆಯ ಮೊಕದ್ದಮೆಯ ಗಡಿಯಾರವನ್ನು ಉಗ್ರಾಣದಿಂದ ತರಿಸಿ ಎಂದರು. ಗುಮಾಸ್ತ ಹೋಗಿ ಖಾಲಿ ಚೀಲ ಹಿಡಿದುಕೊಂಡು ಬಂದ.

"ಹಾಗಾದ್ರೆ ಜಾಲವೇ ಇಲ್ಲ ಅಂತೀರಾ?" ಸರ್ಕಾರಿ ವಕೀಲರು ದನಿ ಏರಿಸಿದರು.

"ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ ಸ್ವಾಮಿ. ಬಹಳ ದೊಡ್ಡದು ಅಂತಾರೆ. ಆದ್ರೆ ಅಷ್ಟು ದೊಡ್ಡ ಜಾಲದ ಹತ್ರ ಇರೋದು ಇದೊಂದೇ ಗಡಿಯಾರ."

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಅವರು ನಗಲಿಲ್ಲ. ಮೆಟ್ಟಿಲಿಳಿಯುವಾಗ ಅಧಿಕಾರಿ ಪಕ್ಕಕ್ಕೆ ಬಂದು, "ವಯಸ್ಸಾಯ್ತು ಯಜಮಾನ್ರೇ, ಕಣ್ಣು ತೋರಿಸಿಕೊಳ್ಳಿ" ಎಂದು ಮೆಲ್ಲಗೆ ಹೇಳಿ ಹೋದರು. ಆ ವಾರ ಒಂದು ಪತ್ರಿಕೆ, ಜಾಲದ ಕೈ ಗಡಿಯಾರದಂಗಡಿಗಳವರೆಗೂ ಚಾಚಿರುವ ಶಂಕೆಯಿದೆ ಎಂದು ಬರೆಯಿತು. ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದರು. ಎದುರಿನ ಕ್ಷೌರದಂಗಡಿಯ ಬೆಂಚಿನ ಮೇಲೆ ಗುರುತಿಲ್ಲದ ಒಬ್ಬ ದಿನವೂ ಕೂತು ಇವರ ಬಾಗಿಲನ್ನೇ ನೋಡುತ್ತಿದ್ದ. ಅವನ ಕೂದಲು ಮಾತ್ರ ಒಂದು ದಿನವೂ ಕಡಿಮೆಯಾಗಲಿಲ್ಲ.

ಎರಡು ತಿಂಗಳಿಗೆ ರೇಡಿಯೋದವನು ಬಿಡುಗಡೆಯಾಗಿ ಬಂದ. ಧನ್ಯವಾದ ಹೇಳಲಿಲ್ಲ, ಇವರೂ ಕಾಯಲಿಲ್ಲ. ಮೂರನೇ ದಿನ ಗೋಡೆಯಾಚೆ ಗೊರಗೊರ ಶುರುವಾಯಿತು. ಅನುಮಾನಪ್ಪನವರು ಬಡಿಯಲು ಎತ್ತಿದ ಕೈಯನ್ನು ಇಳಿಸಿದರು. ಅಂಗಡಿಗೆ ಬೀಗ ಹಾಕಿ, ಎಳೆದು ನೋಡುವುದನ್ನೂ ಮರೆತು, ಜೈಲಿನ ಬಸ್ಸು ಹತ್ತಿದರು. ಜೇಬಿನಲ್ಲಿ ಹಳೆಯ ಮೊಕದ್ದಮೆ ಮತ್ತೆ ತೆರೆಯಿರೆಂದು ಕೇಳುವ ಅರ್ಜಿಯಿತ್ತು. ಅದಕ್ಕೆ ಲಿಫ್ಟಿನವನ ಸಹಿ ಬೇಕಿತ್ತು.

ಸರಳಿನಾಚೆ ಬಂದು ಕೂತವನ ತಲೆ ಪೂರ್ತಿ ನೆರೆತಿತ್ತು.

"ನಾನು ಗಡಿಯಾರದ..." ಎಂದರು ಇವರು.

"ಗೊತ್ತು" ಎಂದ ಅವನು.

ಅರ್ಜಿಯನ್ನು ಮೂರು ಸಲ ಓದಿದ. ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದನ್ನ ಬೇರೆಯವರಿಗೆ ತೋರಿಸದೆ ಸಹಿ ಹಾಕಲ್ಲ" ಎಂದ. "ನೀವೇ ತೋರಿಸಿ ನೋಡಿ. ನಾನು ಮುಂದಿನ ವಾರ ಬರ್ತೀನಿ" ಎಂದರು ಅನುಮಾನಪ್ಪನವರು.

"ಎಂಟು ವರ್ಷ ಆದ್ಮೇಲೆ ಈಗ್ಯಾಕೆ ಬಂದ್ರಿ?"

ಅವರು ಮುಚ್ಚಳದ ಗೀರಿನ ವಿಷಯ ಹೇಳಿದರು. ಅವನು ಅರ್ಜಿಯನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡ.

"ನಿಮಗೆ ಗೀರು ಬೇಕಾಯ್ತು. ನನ್ನ ಹತ್ರ ಗಡಿಯಾರವೇ ಇಲ್ಲ ಅಂತ ನಾನು ಅವತ್ತೇ ಹೇಳಿದ್ದೆ. ನೀವು ಮುಂದಿನ ಬೆಂಚಲ್ಲೇ ಕೂತಿದ್ರಿ. ಕೇಳಿಸಲಿಲ್ವಾ?"

ಅನುಮಾನಪ್ಪನವರಿಗೆ ಕೇಳಿಸಿತ್ತು. ಎಂಟು ವರ್ಷ ಚಹಾದಂಗಡಿಯಲ್ಲಿ ಆ ಮಾತನ್ನು ಹೇಳಿ ಹೇಳಿ ಜನರನ್ನು ನಗಿಸಿದ್ದು ಅವರೇ.