ಬಣ್ಣ ಬಿಚ್ಚುವ ಕರಿಬಸಪ್ಪ

ನಾಗಸಂದ್ರದಿಂದ ಚಿಕ್ಕಬಾಣಾವರದ ಕಡೆ ಹೋಗುವ ರಸ್ತೆಯಲ್ಲೊಂದು ತಗಡಿನ ಶೆಡ್ಡು. ಬೆಳಕು ಹರಿಯುವ ಮುನ್ನವೇ ಕರಿಬಸಪ್ಪ ಅಲ್ಲಿ ನೆಲಕ್ಕೆ ನೀರು ಚಿಮುಕಿಸುತ್ತಿದ್ದಾರೆ. ಪೂಜೆಗಲ್ಲ, ಧೂಳು ಏಳಬಾರದೆಂದು. ಲಾರಿಗಳ ಓಡಾಟ ಶುರುವಾದರೆ ಪೀಣ್ಯದ ಅಷ್ಟೂ ಧೂಳು ಹಸಿ ಬಣ್ಣದ ಮೇಲೆ ಬಂದು ಕೂರುತ್ತದೆ. ಹಾಗಾಗಿ ಕಾರಿಗೆ ಬಣ್ಣ ಹೊಡೆಯುವವರಿಗೆ ನಸುಕಿನ ಈ ಹೊತ್ತೇ ಹೊತ್ತು. ಇವತ್ತು ಅವರು ಬಣ್ಣ ಹೊಡೆಯುವುದಿಲ್ಲ, ತೆಗೆಯುತ್ತಾರೆ. ಆದರೂ ಕೈ ಅಭ್ಯಾಸ ಬಿಟ್ಟಿಲ್ಲ.

ಎದುರಿಗಿರುವುದು ನೇರಳೆ ಹಣ್ಣಿನ ಬಣ್ಣದ ಕಾರು. ಬಾನೆಟ್ಟಿನ ಮೇಲೆ ಬಗ್ಗಿದರೆ ಮುಖ ಕಾಣುತ್ತದೆ, ಅಷ್ಟು ಮಿರುಗು. ಆರು ವರ್ಷದ ಹಿಂದೆ ಇದಕ್ಕೆ ಬಣ್ಣ ಹೊಡೆದವರು ಇದೇ ಕರಿಬಸಪ್ಪ. ಒಂದು ಪದರ ಒಣಗಿಸಿ, ಉಜ್ಜಿ, ಅದರ ಮೇಲೆ ಇನ್ನೊಂದು ಕೂರಿಸಿ, ಹೆಚ್ಚುಕಡಿಮೆ ಒಂದು ತಿಂಗಳು ಇದರ ಬೆನ್ನು ಬಿದ್ದಿದ್ದರು. ಒಳಗೆ ಸೀಟುಗಳಿಗೆ ಕೆನೆಬಣ್ಣದ ಹೊದಿಕೆ ಮಾಡಿ, ಅದರ ಅಂಚಿಗೆ ನೇರಳೆ ದಾರದ ಹೊಲಿಗೆ ಹಾಕಿದವರು ಹೆಂಡತಿ ಶೈಲಜಾ. ಗಂಡ ಹೆಂಡತಿ ಇಬ್ಬರೂ ಕೈಹಚ್ಚಿದ ಕಾರುಗಳಲ್ಲಿ ಇದರಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ಈಗ ಇದನ್ನು ಕಂಪನಿಯಿಂದ ಬಂದ ಹಾಗೆ ಬಿಳಿ ಮಾಡಬೇಕು. ಮಾಡಿದ್ದು ಯಾರಿಗೂ ಗೊತ್ತಾಗಬಾರದು.

"ಹಚ್ಚೂ ಮುಂದ ಕೈ ದಣಿಯೂದು ಗೊತ್ತ ಆಗ್ತಿದ್ದಿಲ್ರೀ. ತಗಿಯಾಕ ನಿಂತ್ರ ಸಾಕು, ಭುಜ ಬಿದ್ದ ಹೋಗ್ತಾವು," ಎನ್ನುತ್ತಾ ಎಮರಿ ಕಾಗದವನ್ನು ನೀರಲ್ಲಿ ಅದ್ದುತ್ತಾರೆ.

ಕರಿಬಸಪ್ಪ ರಾಣೆಬೆನ್ನೂರಿನವರು. ಅಲ್ಲಿ ಲಾರಿಗಳ ಹಿಂಬದಿಗೆ ಹೂಬಳ್ಳಿ ಬಿಡಿಸುತ್ತಿದ್ದ ಕೈ ಅದು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಬೀರುಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆಂದು ಬಂದು, ದಿನವಿಡೀ ಒಂದೇ ಬೂದು ಬಣ್ಣ ನೋಡಿ ಬೇಸತ್ತು ಈ ಶೆಡ್ಡು ಹಿಡಿದರು. ಆಗಿನ ಕಾಲವೇ ಬೇರೆ. ವೈಟ್‌ಫೀಲ್ಡ್‌ನಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ ಹುಡುಗರು ಊರು ಸುತ್ತಿಕೊಂಡು ಇಲ್ಲಿಗೆ ಬರುತ್ತಿದ್ದರು. ಕಾರಿಗೆ ಅಗಲ ಚಕ್ರ ಬೇಕು, ಬೇರೆ ಬಣ್ಣ ಬೇಕು, ಸ್ಟೀರಿಂಗಿಗೆ ಚರ್ಮದ ಹೊದಿಕೆ ಬೇಕು. ಮದುವೆಗೆ ಸೀರೆ ಆರಿಸುವವರೂ ಅಷ್ಟು ತಲೆ ಕೆಡಿಸಿಕೊಳ್ಳಲಾರರು. ಶೆಡ್ಡಿನಲ್ಲಿ ಜಾಗವಿಲ್ಲದೆ ರಸ್ತೆಯಲ್ಲೂ ಕಾರು ನಿಲ್ಲುತ್ತಿದ್ದ ದಿನಗಳಿದ್ದವು.

ಆ ಮೋಜು ಇಳಿದಿದೆ. ದಾಖಲೆಯಲ್ಲಿ ಒಂದು ಬಣ್ಣ, ರಸ್ತೆಯಲ್ಲಿ ಇನ್ನೊಂದು ಎಂದರೆ ದಂಡ. ಬಣ್ಣ ಬೇಕೆಂದವರೂ ಈಗ ಮೈತುಂಬ ಸ್ಟಿಕ್ಕರ್ ಅಂಟಿಸಿಕೊಳ್ಳುತ್ತಾರೆ, ಬೇಸರವಾದರೆ ಸುಲಿದು ಬಿಸಾಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಕರಿಬಸಪ್ಪನವರನ್ನು ಮುಳುಗಿಸಿದ್ದು ಬೆಂಕಿಪೆಟ್ಟಿಗೆ ಗಾತ್ರದ ಒಂದು ಮೀಟರು. ಹಳೆ ಕಾರು ಕೊಳ್ಳುವ ಕಂಪನಿಯವರು ಅದನ್ನು ಬಾಗಿಲಿಗೆ, ಬಾನೆಟ್ಟಿಗೆ ಒತ್ತಿ ಹಿಡಿಯುತ್ತಾರೆ. ಅದು ಬಣ್ಣದ ದಪ್ಪ ಹೇಳುತ್ತದೆ. ದಪ್ಪ ಹೆಚ್ಚಿದ್ದರೆ ಮರುಬಣ್ಣ ಆಗಿದೆ, ಅಂದರೆ ಎಲ್ಲೋ ಗುದ್ದಿದ ಗಾಡಿ ಎಂದು ಲೆಕ್ಕ. ಪ್ರೀತಿಯಿಂದ ಪದರದ ಮೇಲೆ ಪದರ ಹಚ್ಚಿದ ಕೆಲಸವೇ ಈಗ ಗಾಡಿಗೆ ಅಂಟಿದ ಕಳಂಕ.

ಹೀಗಾಗಿ ಶೆಡ್ಡಿಗೆ ಈಗ ಬರುವುದೆಲ್ಲ 'ವಾಪಸ್ ಕೆಲಸ'. ಹಾಕಿದ್ದನ್ನು ತೆಗೆಯುವುದು, ಹೊಡೆದದ್ದನ್ನು ಉಜ್ಜುವುದು, ಮಾರುವುದಕ್ಕೆ ಮುಂಚೆ ಕಾರನ್ನು ಮೊದಲಿನ ಹಾಗೆ ಮಾಡುವುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನ ಕೈಗೇ ದೊಣ್ಣೆ ಕೊಟ್ಟಿದ್ದಾರೆ.

ನೇರಳೆ ಕಾರಿನ ಮಾಲೀಕ ಅಂಜನ್ ಕೆಟ್ಟವನಲ್ಲ. ಒಂದು ಕಾಲಕ್ಕೆ ಈ ಕಾರಿನ ಜೊತೆ ನಿಂತು ತೆಗೆಸಿಕೊಂಡ ಫೋಟೊಗಳಿಗೆ ಲೆಕ್ಕವೇ ಇಲ್ಲ. ಈಗ ಮಗುವಾಗಿದೆ, ದೊಡ್ಡ ಗಾಡಿ ಬೇಕಾಗಿದೆ. ಬಂದವನೇ ಕೀ ಕೊಟ್ಟು ಹೇಳಿದ, "ಅಣ್ಣ, ಗಾಡಿ ಮಾರ್ತಾ ಇದೀನಿ. ಮೀಟರ್ ಇಟ್ಟು ಚೆಕ್ ಮಾಡ್ತಾರೆ. ರೀಪೇಂಟ್ ಅಂತ ಗೊತ್ತಾದ್ರೆ ಮುಗೀತು. ಪಕ್ಕಾ ಒರಿಜಿನಲ್ ಥರ ಮಾಡ್ಕೊಟ್ಬಿಡಿ."

"ಹಿಂಗ ಇದ್ದದ್ದ ಇದ್ದಂಗ ಮಾರಾಕ ಬರಂಗಿಲ್ಲೇನ್ರಿ?" ಎಂದು ಕರಿಬಸಪ್ಪ ಕೇಳಿದರು.

"ಅಯ್ಯೋ, ಇದನ್ನ ಯಾರಣ್ಣ ತಗೋತಾರೆ?"

ಅಂಜನ್ ನೋಯಿಸಬೇಕೆಂದು ಆಡಿದ ಮಾತಲ್ಲ ಅದು. ನೋಯಿಸಬೇಕೆಂದು ಆಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆಗುವುದಿಲ್ಲ ಎಂದು ಕೀ ವಾಪಸ್ ಕೊಡಬಹುದಿತ್ತು. ಕೊಟ್ಟರೆ ಶೆಡ್ಡೇ ಉಳಿಯುವುದಿಲ್ಲ. ಜಾಗದ ಮಾಲೀಕರು ನಂಜಪ್ಪ, ಇದೇ ಊರಿನವರು, ಈ ಜಾಗ ಹಿಂದೆ ಅವರ ರಾಗಿ ಹೊಲ. ಮೊನ್ನೆ ಬಂದು ಬಾಗಿಲಲ್ಲೇ ನಿಂತು ಹೇಳಿಹೋಗಿದ್ದಾರೆ, "ಗೋಡೌನ್ ಮಾಡೋಕೆ ಯಾರೋ ಕೇಳ್ತಾವ್ರೆ ಕಣಪ್ಪ. ನೀನು ಇಂಗೇ ಖಾಲಿ ಕುಂತಿದ್ರೆ ನಾನು ಎಂಗಪ್ಪಾ ಮಾಡ್ಲಿ?" ವಾಪಸ್ ಕೆಲಸ ಬಾಯಿಂದ ಬಾಯಿಗೆ ಹಬ್ಬಿ ಬರುವಂಥದ್ದು. ಒಂದು ಕಾರು ಮೀಟರಿಗೆ ಸಿಕ್ಕಿಬಿದ್ದರೆ ಅದೂ ನಿಂತುಹೋಗುತ್ತದೆ. ತನ್ನ ಕೈಯ ಒಳ್ಳೆಯ ಕೆಲಸವನ್ನು ಗುರುತು ಸಿಗದಂತೆ ಅಳಿಸಿದರೆ ಮಾತ್ರ ಕರಿಬಸಪ್ಪನವರಿಗೆ ನಾಳೆಯೂ ಈ ಶೆಡ್ಡಿನಲ್ಲಿ ಕೆಲಸ.

ಬಿಸಿಲೇರುವ ಹೊತ್ತಿಗೆ ಬಾಗಿಲುಗಳ ನೇರಳೆ ಕೆಸರಾಗಿ ನೆಲದ ಮೇಲೆ ಹರಿಯುತ್ತಿದೆ. ಶೈಲಜಾ ಚಹಾ ತಂದವರು ಅದನ್ನು ತುಳಿಯದೆ ದಾಟಿ ಬರುತ್ತಾರೆ. ಸೀಟಿನ ಹೊದಿಕೆ ಬಿಚ್ಚುವುದು ಬಾಕಿಯಿದೆ. ಅದಕ್ಕೆ ಮಾತ್ರ ಅವರು ಸುತಾರಾಂ ಒಪ್ಪುವುದಿಲ್ಲ.

"ಹೊಲಿ ಅಂದ್ರ ರಾತ್ರಿ ಬೆಳ್ಳಂಬೆಳಗ ಹೊಲಿತೀನಿ. ಬಿಚ್ಚು ಅನಬ್ಯಾಡ್ರಿ. ನಿಮಗ ಬೇಕಾದ್ರ ನೀವ ಬಿಚ್ಚ್ರಿ, ನಾ ಹೊರಗ ಹೋಗ್ತೀನಿ."

ಹೇಳಿದ ಹಾಗೆ ಹೊರಗೆ ಹೋಗುತ್ತಾರೆ. ಕರಿಬಸಪ್ಪ ಒಬ್ಬರೇ ಒಳಗೆ ಕೂತು ಒಂದೊಂದೇ ಕೊಂಡಿ ಕಿತ್ತು, ಹೊದಿಕೆ ಕಳಚಿ, ಕಂಪನಿಯ ಬೂದು ಬಟ್ಟೆ ಹಾಕುತ್ತಾರೆ. ಅಗಲ ಚಕ್ರಗಳನ್ನು ಬಿಚ್ಚಿ ಸಣ್ಣ ಚಕ್ರ ಕೂರಿಸುತ್ತಾರೆ. ಮದುವೆ ಮುಗಿದ ಮಾರನೆಯ ದಿನದ ಚಪ್ಪರದಂತೆ ಕಾರು ಬೋಳಾಗುತ್ತಾ ಹೋಗುತ್ತದೆ.

ಇದು ಕೊಳ್ಳುವವರಿಗೆ ಮಾಡುವ ಮೋಸವಲ್ಲವೇ ಎಂದು ಕೇಳಿದರೆ ಅವರು ಜಾರಿಕೊಳ್ಳುವುದಿಲ್ಲ.

"ಮೋಸನ ರೀ. ಆದ್ರ ಈ ಗಾಡಿ ಎಲ್ಲೂ ಗುದ್ದಿಲ್ಲ. ಖರೇ ಹೇಳಿದ್ರ ಸುಳ್ಳಂತಾರ, ಸುಳ್ಳ ಮಾಡಿದ್ರ ಖರೇ ಅಂತಾರ. ನಾ ಏನ್ ಮಾಡ್ಲಿ ಹೇಳ್ರಿ?"

ಮಾರನೆಯ ನಸುಕಿನಲ್ಲಿ ಬಿಳಿ ಬಣ್ಣ. ಮೊದಲೆಲ್ಲ ದಪ್ಪ ಕೂತಷ್ಟೂ ಹೊಳಪು ಎಂದು ಕಲಿತ ಕೈ ಈಗ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಹೊಡೆಯಬೇಕು. ಎಲ್ಲೂ ನಿಲ್ಲುವ ಹಾಗಿಲ್ಲ, ಒಂದು ಕಡೆ ಕ್ಷಣ ಹೆಚ್ಚು ನಿಂತರೂ ಮೀಟರಿಗೆ ಗೊತ್ತಾಗುತ್ತದೆ. ಉಸಿರು ಬಿಗಿಹಿಡಿದು ಕಾರಿನ ಸುತ್ತ ಓಡಾಡುವ ಅವರನ್ನು ನೋಡಿದರೆ ಕಳ್ಳತನಕ್ಕೆ ಬಂದವರೇನೋ ಎನಿಸಬೇಕು. ಮುಗಿಸಿ ಹಿಂದೆ ಸರಿದು ನಿಲ್ಲುತ್ತಾರೆ. ಬೆಂಗಳೂರಿನ ರಸ್ತೆಗಳಲ್ಲಿ ಇಂಥ ಬಿಳಿ ಕಾರು ಸಾವಿರಗಟ್ಟಲೆ ಇವೆ. ಅವುಗಳಲ್ಲಿ ಇದೂ ಒಂದಾಗಿದೆ. ಕೆಲಸ ಚೆನ್ನಾಗಿ ಆಗಿದೆ ಎಂದರೆ ಅದೇ ಅರ್ಥ.

ಬಣ್ಣ ಗಟ್ಟಿಯಾದ ಮೇಲೆ ಒಂದು ಬೆಳಗ್ಗೆ ಪರೀಕ್ಷೆ. ಶೆಡ್ಡಿನಲ್ಲಿದ್ದರೆ ಅನುಮಾನ ಬರುತ್ತದೆಂದು ಅಂಜನ್ ಕಾರನ್ನು ರಸ್ತೆಯಾಚೆಯ ಹೊಂಗೆಮರದ ಕೆಳಗೆ ನಿಲ್ಲಿಸಿದ್ದಾನೆ. "ಅಣ್ಣ, ನೀವು ಪೇಂಟರ್ ಅಂತ ಗೊತ್ತಾಗೋದು ಬೇಡ," ಎಂದು ಮೊದಲೇ ಹೇಳಿದ್ದಾನೆ. ಕರಿಬಸಪ್ಪ ಪಕ್ಕದ ಟೀ ಅಂಗಡಿಯಲ್ಲಿ ದಾರಿಹೋಕರಂತೆ ನಿಂತಿದ್ದಾರೆ. ಉಗುರಿನ ಸಂದಿಯಲ್ಲಿ ನೇರಳೆ ಇನ್ನೂ ಹೋಗಿಲ್ಲವಾದ್ದರಿಂದ ಒಂದು ಕೈ ಜೇಬಿನಲ್ಲಿದೆ.

ಹಳೆ ಕಾರು ಕೊಳ್ಳುವ ಕಂಪನಿಯಿಂದ ಪರೀಕ್ಷೆಗೆ ಬಂದ ಹುಡುಗಿ ರಕ್ಷಿತಾ ಅವಸರದವಳಲ್ಲ. ಬಾನೆಟ್ಟು, ಬಾಗಿಲು, ಛಾವಣಿ ಎಲ್ಲ ಕಡೆ ಮೀಟರ್ ಒತ್ತುತ್ತಾಳೆ, ಬಗ್ಗಿ ನೋಡುತ್ತಾಳೆ, ಫೋನಿನಲ್ಲಿ ಬರೆದುಕೊಳ್ಳುತ್ತಾಳೆ. ಹಿಂದಿನ ಬಾಗಿಲಿಗೆ ಎರಡು ಸಲ ಒತ್ತಿದಾಗ ಕರಿಬಸಪ್ಪ ಜೇಬಿನ ಕೈಯನ್ನು ಇನ್ನಷ್ಟು ಒಳಕ್ಕೆ ಇಳಿಸುತ್ತಾರೆ. ಕೊನೆಗೆ ಅವಳು ನಗುತ್ತಾ ಅಂಜನ್ ಕಡೆ ತಿರುಗುತ್ತಾಳೆ.

"ಸೂಪರ್ ಮೇಂಟೇನ್ ಮಾಡಿದೀರ ಸಾರ್. ಫುಲ್ ಒರಿಜಿನಲ್ ಪೇಂಟ್. ಈ ಗಾಡಿಗೆ ಯಾರೂ ಕೈ ಹಾಕೇ ಇಲ್ಲ."

ಅಂಜನ್ ಮರದ ಕೆಳಗಿನಿಂದಲೇ ಕಣ್ಣಲ್ಲಿ ಖುಷಿ ತಿಳಿಸುತ್ತಾನೆ. ಕರಿಬಸಪ್ಪ ಲೋಟ ಇಟ್ಟು ರಸ್ತೆ ದಾಟುತ್ತಾರೆ. ಶೆಡ್ಡಿನಲ್ಲಿ ಯಾವುದೋ ಆಟೊದ ಸೀಟು ಹೊಲಿಯುತ್ತಾ ಕೂತ ಶೈಲಜಾ ಮಿಷನ್ ನಿಲ್ಲಿಸಿ ತಲೆಯೆತ್ತುತ್ತಾರೆ.

"ಏನಂದ್ರು?"

"ಭಾಳ ಚಲೋ ಆಗೇತಂತ," ಎನ್ನುತ್ತಾರೆ ಕರಿಬಸಪ್ಪ. "ಯಾರೂ ಮುಟ್ಟೇ ಇಲ್ಲಂತ."