ನೆರೆಮನೆಗಿಂತ ಒಂದು ಇಟ್ಟಂಗಿ ಮೇಲೆ

ನಮ್ಮ ಓಣಿಯ ಫುಟ್‌ಪಾತ್ ಹೇಗೆ ಕೆಟ್ಟಿತು ಎಂಬುದನ್ನು ನಾನು ಇದುವರೆಗೆ ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರಲ್ಲಿ ಗಾರೆ ಕೆಲಸದ ಗೌಂಡಿ ಇರುತ್ತಾನೆ, ಪಕ್ಕದ ಮನೆಯವರು ಇರುತ್ತಾರೆ. ನಾನು ಬಾಗಿಲಲ್ಲಿ ನಿಂತು ನೋಡಿದವನು ಮಾತ್ರ. ನಿಂತಿದ್ದೆ ಎಂಬುದು ಸುಳ್ಳಲ್ಲ. ನಿಂತು ಏನು ಹೇಳಿದೆ ಎಂಬುದನ್ನು ಬಿಟ್ಟು ಹೇಳುತ್ತ ಬಂದೆ.

ಬಸವಕಲ್ಯಾಣದಿಂದ ಹುಮನಾಬಾದ ಕಡೆಗೆ ಹೋಗುವ ರಸ್ತೆಗೆ ಹೊಂದಿಕೊಂಡು ನಮ್ಮ ಲೇಔಟ್ ಇದೆ. ನಾವು ಬಂದಾಗ ಇಲ್ಲಿ ನಾಲ್ಕೈದು ಮನೆ. ಉಳಿದದ್ದು ತೊಗರಿ ಕೊಯ್ದ ಹೊಲ ಮತ್ತು ಪ್ಲಾಟಿನ ಗುರುತಿನ ಕಲ್ಲುಗಳು. ಆಮೇಲೆ ರಾಜೇಶ್ವರದಿಂದ, ಕೊಡಂಬಲದಿಂದ, ಹಳ್ಳಿಖೇಡದಿಂದ ಜನ ಬಂದು ಮನೆ ಕಟ್ಟಿದರು. ಬಂದವರೆಲ್ಲ ತಮ್ಮ ಜೊತೆ ಒಂದು ಪದ್ಧತಿಯನ್ನೂ ತಂದರು. ಪಾಯ ಹಾಕುವ ದಿನ ಮನೆಯ ಹಿರಿಯ ಪಕ್ಕದ ಮನೆಯ ಹೊಸ್ತಿಲನ್ನು ಕಣ್ಣಲ್ಲೇ ಅಳೆದು ಗೌಂಡಿಗೆ ಹೇಳಬೇಕು: ‘ಅವರಕಿಂತ ಒಂದು ಇಟ್ಟಂಗಿ ಮ್ಯಾಲ ತಗೋ.’ ಪಕ್ಕದವರ ಬಚ್ಚಲ ನೀರು ನಮ್ಮ ಅಂಗಳಕ್ಕೆ ಬರಬಾರದು ಎಂಬುದು ಬಾಯಿಬಿಟ್ಟು ಹೇಳುವ ಕಾರಣ. ಅವರೆದುರು ನಾವು ತಗ್ಗಿನಲ್ಲಿ ಕಾಣಬಾರದು ಎಂಬುದು ಹೇಳದ ಕಾರಣ. ಹೀಗಾಗಿ ಮೊದಲು ಬಂದವರದು ತಗ್ಗಿನ ಮನೆ, ಆಮೇಲೆ ಬಂದವರದು ಎತ್ತರದ್ದು. ನಮ್ಮ ಎಡಬದಿಯ ಮನೆಯವರು ನಮ್ಮ ನಂತರ ಬಂದವರು. ಅವರ ಹೊಸ್ತಿಲನ್ನು ನಾನು ವರ್ಷಗಟ್ಟಲೆ, ಹಲ್ಲುಜ್ಜುತ್ತ, ದಿನಾ ನೋಡಿದ್ದೇನೆ.

ನನ್ನ ಅಕ್ಕ ನನ್ನ ಜೊತೆಗೇ ಇರುವವಳು. ಗಂಡ ತೀರಿದ ಮೇಲೆ ಹೊಲಿಗೆ ಕಲಿತು, ಲೇಔಟಿನ ಬಾಯಲ್ಲಿ ದೊಡ್ಡ ರಸ್ತೆಗೆ ಮುಖ ಮಾಡಿದ ಒಂದು ಮಳಿಗೆ ಹಿಡಿದು ಕುಬಸ ಹೊಲಿಯುತ್ತಿದ್ದಳು. ಒಂದು ಬೆಳಿಗ್ಗೆ ಲಕ್ವಾ ಹೊಡೆದು ಎಡಗಾಲು, ಎಡಗೈ ಸೋತವು. ಕೆಲವು ತಿಂಗಳಲ್ಲಿ ಕೈ ಅಷ್ಟಿಷ್ಟು ಬಂತು. ಕಾಲು ನಾಲ್ಕು ಕಾಲಿನ ಕೋಲು ಹಿಡಿದರೆ ನಡೆಯುವಷ್ಟಾಯಿತು. ಹುಮನಾಬಾದಿನ ಡಾಕ್ಟರು ಸಪಾಟು ನೆಲದ ಮೇಲೆ ದಿನಾ ನಡೆಯಬೇಕು, ಏರಿಳಿತ ಸದ್ಯಕ್ಕೆ ಬೇಡ ಎಂದರು. ನಮ್ಮ ಮನೆಗೂ ಅಂಗಡಿಗೂ ನಡುವೆ ಹತ್ತು ಮನೆ. ದೀಪಾವಳಿಯೊಳಗೆ ಬಂದು ಬಾಗಿಲು ತೆಗೆದರೆ ಸರಿ, ಇಲ್ಲದಿದ್ದರೆ ಬೇರೆಯವರು ಕೇಳುತ್ತಿದ್ದಾರೆ ಎಂದು ಮಳಿಗೆಯ ಮಾಲೀಕರು ಮರ್ಯಾದೆಯಿಂದಲೇ ಹೇಳಿ ಕಳಿಸಿದ್ದರು.

‘ಅಟೋ ಹಚ್ಚೋಣ’ ಎಂದು ನಾನು ಹೇಳಿದೆ.

‘ಅಂಗಡ್ಯಾಗ ಬಚ್ಚಲಾ ಇಲ್ಲೋ ತಮ್ಮಾ. ಮಧ್ಯಾಹ್ನ ಎರಡ ಸಲ ಮನಿಗಿ ಬರಬೇಕು. ಹೊತಗೊಂಡು ಹೋಗಾಕ ಒಬ್ಬ, ಇಳಿಸಿಕೊಳ್ಳಾಕ ಒಬ್ಬ. ಅದು ಅಂಗಡಿ ಅಲ್ಲ, ದಿಬ್ಬಣ.’

ರಸ್ತೆಯ ಮೇಲೆ ಅವಳು ನಡೆಯುವಂತಿರಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು ಹತ್ತಿರದ ದಾರಿ ಎಂದು ನಮ್ಮ ಓಣಿಯಲ್ಲೇ ನುಗ್ಗುತ್ತವೆ. ಅದಕ್ಕೇ ಶಾಲೆಯ ಮಾಸ್ತರನಾದ ನಾನು ಫುಟ್‌ಪಾತಿಗೆ ಅರ್ಜಿ ಬರೆದೆ, ಎಲ್ಲರ ಸಹಿ ಹಾಕಿಸಿದೆ. ‘ನಮ್ಮ ಓಣಿಯ ಹಿರಿಯರು ಮತ್ತು ಅಶಕ್ತರು’ ಎಂದು ಬರೆದಿದ್ದೆ. ನಗರಸಭೆಯ ದುಡ್ಡಿನಲ್ಲಿ ಕೆಲಸ ಮಂಜೂರಾಯಿತು. ಗಟಾರದ ಮೇಲೆ ಹಾಸುಗಲ್ಲು, ಅದರ ಮೇಲೆ ಸಿಮೆಂಟಿನ ಇಟ್ಟಂಗಿ, ಈ ತುದಿಯಿಂದ ಆ ತುದಿಯವರೆಗೆ. ಅಕ್ಕ ಆ ವಾರ ಕತ್ತರಿ ಸಾಣೆಗೆ ಕಳಿಸಿದಳು.

ಕೆಲಸ ನಮ್ಮ ಮನೆಯ ಕಡೆಯ ತುದಿಯಿಂದ ಶುರುವಾಯಿತು. ಇಲ್ಲಿಂದ ಮುಂದೆ ನಾನು ಹೇಳುತ್ತ ಬಂದದ್ದು ಹೀಗೆ: ಎಡಬದಿಯ ಮನೆಯವರು, ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಮಾಡುವವರು, ಗೌಂಡಿಯನ್ನು ಗದರಿಸಿ ತಮ್ಮ ಮನೆಯ ಮುಂದಿನ ತುಂಡನ್ನು ಏರಿಸಿಕೊಂಡರು, ಅದನ್ನು ನೋಡಿ ಉಳಿದವರೂ ಏರಿಸಿಕೊಂಡರು. ಇದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ. ಮೊದಲ ವಾಕ್ಯವನ್ನಷ್ಟೇ ನುಂಗಿದ್ದೇನೆ.

ಗೌಂಡಿ ನೀರು ತುಂಬಿದ ಪ್ಲಾಸ್ಟಿಕ್ ಪೈಪು ಹಿಡಿದು ಮಟ್ಟ ನೋಡುತ್ತಿದ್ದ. ಬಿಸಿಲಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಇತ್ತೋ ಇಲ್ಲವೋ ಗೊತ್ತಿಲ್ಲ. ಮಾತು ಮಾತ್ರ ನೆನಪಿದೆ.

‘ಪೂರಾ ಒಂದೇ ಲೆವಲ್ ಬರ್ತದ್ರಿ ಮಾಸ್ತರ್ರ. ಗೋಲಿ ಇಟ್ರ ಉರುಳಾಂಗಿಲ್ಲ.’

‘ನಮ್ಮ ಮನಿ ಮುಂದ ಜರಾ ಏರಸ್ರಿ. ಒಂದೇ ಇಟ್ಟಂಗಿ.’

‘ಯಾಕ್ರಿ?’

‘ನಮ್ಮ ಅಕ್ಕಗ ಇಳಿಯಾಕ ಒಂದು ಮೆಟ್ಟಲ ಕಮ್ಮಿ ಆಗ್ತದ.’

ಅವನು ನನ್ನನ್ನು ನೋಡಿದ, ಎಡಬದಿಯ ಹೊಸ್ತಿಲನ್ನು ನೋಡಿದ. ‘ಅಕ್ಕೋರಿಗಾಗೇ ಏನ್ರಿ?’ ಎಂದು ನಕ್ಕ. ನಾನೂ ನಕ್ಕೆ. ಆ ನಗುವಿನಲ್ಲೇ ಒಪ್ಪಂದ ಮುಗಿಯಿತು. ಮೆಟ್ಟಿಲಿನ ವಿಚಾರ ನನ್ನ ತಲೆಯಲ್ಲಿ ಮೊದಲೇ ಇತ್ತೋ, ಅವನು ಕೇಳಿದ ಮೇಲೆ ಹೊಳೆಯಿತೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲೇ ಇತ್ತು ಎಂದು ಮನಸ್ಸು ಬೇಗ ಉತ್ತರ ಕೊಡುತ್ತದೆ. ಆ ಅವಸರದ ಮೇಲೇ ನನಗೆ ಅನುಮಾನ.

ಮರುದಿನ ಎಡಬದಿಯ ಮನೆಯ ಯಜಮಾನರು ಹೊರಗೆ ಬಂದರು. ‘ಮಾಸ್ತರ್ರದು ಏರ್ಯದ, ನಮ್ಮದೇನು ಪಾಪ ಮಾಡ್ಯದ? ಎರಡು ಇಟ್ಟಂಗಿ ತಗೋ’ ಎಂದರು. ಅದರಾಚೆಯವರು ಕಾರು ಕೊಂಡಿದ್ದರು. ಗಾಡಿ ಏರಬೇಕು ಎಂದು ತಮ್ಮ ಗೇಟಿನೆದುರು ರಸ್ತೆಯ ಮಟ್ಟಕ್ಕೆ ಇಳಿಸಿಕೊಂಡರು. ಅದರಾಚೆಯವರು, ಆ ಇಳಿಜಾರಿನ ನೀರು ತಮ್ಮ ಕಡೆ ಬರುತ್ತದೆ ಎಂದು ಮೂರು ಇಟ್ಟಂಗಿ. ಗೌಂಡಿ ನಾಲ್ಕನೇ ಮನೆಗೆ ಬರುವ ಹೊತ್ತಿಗೆ ನೀರಿನ ಪೈಪನ್ನು ಸುತ್ತಿ ಸೈಕಲ್ಲಿಗೆ ಕಟ್ಟಿಬಿಟ್ಟಿದ್ದ. ‘ನೀವು ಹೇಳಿದ್ದೇ ಲೆವಲ್ ರಿ’ ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಅಳತೆಗೆ ಬಂದ ನಗರಸಭೆಯವರಿಗೆ ನಾವೆಲ್ಲ ಸರದಿಯಂತೆ ಚಹಾ ಕೊಟ್ಟೆವು. ಉದ್ದ ಅಳೆದರು. ಎತ್ತರದ ಮಾತು ನಾವ್ಯಾರೂ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ಸಿಮೆಂಟು ಒಣಗಿದ ಮೇಲೆ ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟಳು. ನಾನು ಹಿಂದೆ. ನಮ್ಮ ತುಂಡು ದಾಟಿದಳು. ಎಡಬದಿಯ ಮನೆಯ ಅಂಚಿಗೆ ಕೋಲು ಇಟ್ಟು, ಒಳ್ಳೆಯ ಕಾಲನ್ನು ಮೊದಲು ಏರಿಸಿ, ಸೋತ ಕಾಲನ್ನು ಸೀರೆ ಹಿಡಿದು ಎತ್ತಿಕೊಂಡಳು. ಅದರಾಚೆ ಇಳಿಜಾರು. ಅಲ್ಲಿ ಕೋಲಿನ ನಾಲ್ಕು ಕಾಲಲ್ಲಿ ಎರಡು ಗಾಳಿಯಲ್ಲಿ ನಿಂತವು.

ಅಕ್ಕ ಬಿದ್ದಳು ಎಂದು ನಾನು ಹೇಳುತ್ತ ಬಂದಿದ್ದೇನೆ, ಕೇಳುವವರಿಗೆ ಅದು ಬೇಗ ಮುಟ್ಟುತ್ತದೆ. ಬೀಳಲಿಲ್ಲ. ಕೂತಳು. ಕಾರಿನವರ ಮನೆಯ ಹೆಣ್ಣುಮಗಳು ಅಂಗಳ ತೊಳೆಯುತ್ತಿದ್ದವಳು ಓಡಿ ಬಂದಳು.

‘ನಿಂದರ್ರಿ ಅಕ್ಕೋರ, ನಾ ಕೈ ಹಿಡಿತೀನಿ.’

‘ಎಲ್ಲಿ ತನಕ ಹಿಡಿತೀಯವ್ವ?’ ಎಂದಳು ಅಕ್ಕ. ‘ನಿನ್ನ ಮನಿ ಮುಗಿಯೂ ತನಕ. ಮುಂದಿನವರು ಅವರ ಮನಿ ಮುಗಿಯೂ ತನಕ. ಹತ್ತು ಮಂದಿ ಕೈ ಹಿಡದು ಅಂಗಡಿಗಿ ಮುಟ್ಟಿಸಿದ್ರ ನಾ ಹೊಲಿಯೂದು ಯಾವಾಗ?’

ಹೆಣ್ಣುಮಗಳು ನಕ್ಕಳು. ಅಕ್ಕ ನಗಲಿಲ್ಲ. ರಸ್ತೆಗಿಳಿದು ನೋಡೋಣ ಎಂದಳು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಟ್ರ್ಯಾಕ್ಟರು ಹಾರ್ನು ಹೊಡೆಯಿತು. ಎರಡು ಟ್ರಾಲಿಯೂ ಹೋಗುವವರೆಗೆ ನಾವಿಬ್ಬರೂ ಆ ಹೊಸ ಫುಟ್‌ಪಾತಿನ ಅಂಚಿಗೆ ಒತ್ತಿಕೊಂಡು ನಿಂತೆವು. ಕಬ್ಬಿನ ಒಣ ಗರಿ, ರವದಿ, ಅವಳ ಸೆರಗಿಗೆ ಸಿಕ್ಕಿತ್ತು. ತೆಗೆಯಲು ಹೋದೆ, ಕೈ ಸರಿಸಿದಳು.

ದೀಪಾವಳಿ ಹೋಯಿತು. ಮಳಿಗೆಯಲ್ಲಿ ಈಗ ಮೊಬೈಲ್ ರಿಪೇರಿ. ಹೊಲಿಗೆ ಯಂತ್ರವನ್ನು ಕೈಗಾಡಿಯಲ್ಲಿ ಮನೆಗೆ ತಂದು ಪಡಸಾಲೆಯಲ್ಲಿಟ್ಟೆವು. ಅಕ್ಕ ಸೀರೆಗೆ ಫಾಲ್ ಹಚ್ಚುತ್ತಾಳೆ, ಹರಿದದ್ದು ಹೊಲಿಯುತ್ತಾಳೆ. ಓಣಿಯವರು ತಾವೇ ತಂದುಕೊಡುತ್ತಾರೆ, ಉಪಕಾರ ಮಾಡಿದವರಂತೆ. ಹುಮನಾಬಾದಿನಿಂದ ಬಸ್ಸಿಳಿದು ಅಂಗಡಿಗೆ ಬರುತ್ತಿದ್ದವರು ಒಬ್ಬರೂ ಒಳಗಿನವರೆಗೆ ಬರುವುದಿಲ್ಲ. ನಡೆಯುವುದನ್ನೂ ಬಿಟ್ಟಳು, ಪಡಸಾಲೆಯಿಂದ ಬಚ್ಚಲಿಗೆ ಕೋಲು ಸಾಕು.

ಒಂದು ಸಂಜೆ ಅವಳೆದುರು ನಾನು ಯಾರಿಗೋ ಮತ್ತೆ ಅದೇ ಕಥೆ ಹೇಳಿದೆ, ಎಡಬದಿಯ ಮನೆಯವರನ್ನು ಬೈದು. ಬಂದವರು ಹೋದ ಮೇಲೆ ಅವಳು ಸೂಜಿಯಿಂದ ಕಣ್ಣು ಎತ್ತದೆ ಹೇಳಿದಳು:

‘ಆವತ್ತು ನಾ ಕಿಡಕ್ಯಾಗೇ ಕುಂತಿದ್ದೆ ತಮ್ಮಾ.’

ಅವಳು ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು.

‘ನನ್ನ ಹೆಸರ ಮ್ಯಾಲ ಏರಸಬಾರದಿತ್ತು. ನಿನ್ನ ಹೆಸರ ಮ್ಯಾಲ ಏರಸಿದ್ರ ನಾ ಬಾಯಿ ಮಾಡತಿದ್ದೆ. ನಂಗಾಗಿ ಅಂದಿ, ಸುಮ್ಮ ಆದೆ.’

‘ನಾಳೆ ಹಾರಿ ತಗೊಂಡು ನಮ್ಮದು ಒಡದು ತಗ್ಗಸ್ತೀನಿ’ ಎಂದೆ.

‘ನಮ್ಮದೊಂದೇ ತಗ್ಗಸಿದ್ರ ಅಲ್ಲೊಂದು ಕುಣಿ ಆಗ್ತದ. ಬ್ಯಾರೆ ಯಾರರೆ ಬೀಳ್ತಾರ. ಬಿಡು.’

ಮರುದಿನ ಹಾರೆ ಹಿಡಿದು ಗೇಟಿನ ತನಕ ಹೋಗಿ ತಿರುಗಿ ಬಂದೆ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕುತ್ತೇನೆ. ಹಾರೆ ಹಿತ್ತಲಲ್ಲೇ ಇತ್ತು. ನಾನು ಒಳಗೇ ಇದ್ದೆ, ಅಕ್ಕ ಹೊಲಿಯುತ್ತಿದ್ದಳು.